ಓಟಿಪಿ ಹೇಳಿದ್ದು ಅಪ್ಪ ಅಲ್ಲ, ಅವರ ಫೋನು

"ಓಟಿಪಿ ನಾನು ಯಾರಿಗೂ ಹೇಳಿಲ್ಲ ಕಣೋ." ಅಪ್ಪ ಇದನ್ನೇ ಮೂರು ಸಲ ಹೇಳಿದರು. ನಿಜ, ಹೇಳಿರಲಿಲ್ಲ. ಆದರೂ ಅರ್ಧ ಗಂಟೆಯೊಳಗೆ ಎರಡು ಕಂತಿನಲ್ಲಿ 38 ಸಾವಿರ ಹೋಗಿತ್ತು. ಬೆಂಗಳೂರಿನ ಆಫೀಸೊಂದರಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಎಲ್ಲರಿಗೂ ಪಾಸ್‌ವರ್ಡ್ ಪಾಠ ಹೇಳುತ್ತೇನೆ, ತಿಪಟೂರಿನಲ್ಲಿರುವ ಅಪ್ಪನ ಫೋನನ್ನು ಮಾತ್ರ ಒಂದು ದಿನವೂ ತೆರೆದು ನೋಡಿರಲಿಲ್ಲ.

ಆಗಿದ್ದು ಇಷ್ಟು. ಪಕ್ಕದ ಬೀದಿಯ ಅಂಗಡಿ ಮಾವನ ನಂಬರಿನಿಂದ ವಾಟ್ಸಾಪ್‌ಗೆ 'ಆರ್‌ಟಿಓ ಚಲನ್' ಅಂತ ಒಂದು ಫೈಲ್ ಬಂದಿದೆ. ಗೊತ್ತಿರುವವರು ಕಳಿಸಿದ್ದು, ಜೊತೆಗೆ ಅಪ್ಪ ಮೊನ್ನೆಯಷ್ಟೇ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದ್ದರು, ಹೆದರಿಕೆ ಬೇರೆ. ಒತ್ತಿದರು. ಫೈಲಿನ ಹೆಸರಿನ ಕೊನೆಯಲ್ಲಿ ಏಪಿಕೆ ಅಂತ ಇತ್ತು. ಪಿಡಿಎಫ್ ಆದರೆ ಓದುವ ಕಾಗದ, ಏಪಿಕೆ ಅಂದರೆ ಫೋನಿನೊಳಗೆ ಬಂದು ಕೂರುವ ಆಪ್. ಅದು ಮೆಸೇಜ್ ಓದಲು ಅನುಮತಿ ಕೇಳಿತು, ಕೊಟ್ಟರು. ಒಂದು ರೂಪಾಯಿ ಕಟ್ಟಿದರೆ ದಂಡದ ವಿವರ ತೋರಿಸುತ್ತೇನೆ ಅಂದಿತು, ಎಟಿಎಂ ಕಾರ್ಡಿನ ನಂಬರ್ ಹಾಕಿದರು. ಆಮೇಲೆ ಬಂದ ಓಟಿಪಿಯನ್ನು ಆ ಆಪ್ ತಾನೇ ಓದಿ ಕಳ್ಳರಿಗೆ ದಾಟಿಸಿತು. "ಓಟಿಪಿ ಹೇಳಬೇಡಿ" ಅಂತ ನಾವು ವರ್ಷಗಟ್ಟಲೆ ಕೊಟ್ಟ ಬುದ್ಧಿಮಾತು ಇಲ್ಲಿ ಕೆಲಸಕ್ಕೇ ಬರಲಿಲ್ಲ.

ಅಮ್ಮನ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಲೇ ಮೊದಲು ಅವರ ಸ್ವಂತ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಸಿದೆ, ಸಿಮ್ ತೆಗೆಸಿ ಹಳೆಯ ಬಟನ್ ಸೆಟ್ಟಿಗೆ ಹಾಕಿಸಿದೆ. ಮುಂದಿನ ಓಟಿಪಿ ಬಂದರೂ ಕಳ್ಳರಿಗೆ ಸಿಗಬಾರದಲ್ವಾ. ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಅವರು ಕೇಳಿದ್ದು ಖಾತೆ ನಂಬರ್, ಹಣ ಹೋದ ಸಮಯ, ವಹಿವಾಟಿನ ನಂಬರ್. ಇವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಿ, ಹುಡುಕಾಡುವಷ್ಟರಲ್ಲಿ ಹಣ ಮೂರು ಖಾತೆ ದಾಟಿರುತ್ತದೆ. ನಮ್ಮದರಲ್ಲಿ 21 ಸಾವಿರ ಮುಂದಿನ ಖಾತೆಯಲ್ಲೇ ತಡೆಯಾಯಿತು, ಉಳಿದದ್ದು ಹೋಯಿತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಎಡವಿ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ಮೇಲಿನದು ಬ್ಯಾಂಕಿನದು. ಒಂದೊಂದು ನಿಮಿಷಕ್ಕೂ ಬೆಲೆ ಇರುವುದು ಅದಕ್ಕೇ.

ಮರುದಿನ ಊರಿಗೆ ಹೋದೆ. ಸುಮ್ನೆ ಫಾರ್ಮ್ಯಾಟ್ ಮಾಡಿಬಿಡೋಣ ಅಂತ ಕೈ ತುರಿಸಿತು, ಆದರೆ ದೂರಿಗೆ ಸಾಕ್ಷಿ ಬೇಕು. ವಾಟ್ಸಾಪ್ ಮೆಸೇಜ್, ಫೈಲಿನ ಹೆಸರು, ಬ್ಯಾಂಕಿನ ಎಸ್‌ಎಂಎಸ್ ಎಲ್ಲದರ ಫೋಟೋ ತೆಗೆದುಕೊಂಡ ಮೇಲೇ ಆಪ್ ಹುಡುಕಿದ್ದು. ಅದರ ಐಕಾನ್ ಮಾಯವಾಗಿತ್ತು. ಸೆಟ್ಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ಮಾತ್ರ ಕಂಡಿತು, ಅನ್‌ಇನ್‌ಸ್ಟಾಲ್ ಒತ್ತಿದರೆ ಜಪ್ಪಯ್ಯ ಅನ್ನಲಿಲ್ಲ. ಸುಲಭವಾಗಿ ಕಿತ್ತುಹಾಕದಂತೆ ತಡೆಯುವ ಡಿವೈಸ್ ಅಡ್ಮಿನ್ ಅಧಿಕಾರವನ್ನೂ ಪಡೆದುಕೊಂಡಿತ್ತು. ನಾವು ಹಾಕಿಕೊಂಡ ಆಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಫೋನ್ ಶುರು ಮಾಡಿ, ಆ ಅಧಿಕಾರ ಕಿತ್ತ ಮೇಲೆ ಹೋಯಿತು. ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು ಕೊನೆಗೆ ಫಾರ್ಮ್ಯಾಟನ್ನೂ ಮಾಡಿದೆ. ನಂಬಿಕೆ ಬರಲಿಲ್ಲ, ಅಷ್ಟೇ.

ಹೊಸದಾಗಿ ಹೊಂದಿಸುವಾಗ ಆಂಟಿವೈರಸ್ ಏನೂ ಹಾಕಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' (ಪ್ಲೇ ಸ್ಟೋರಿನ ಹೊರಗಿನ ಆಪ್ ಹಾಕಿಕೊಳ್ಳಲು ಬಿಡುವ ಅನುಮತಿ) ಅಂತ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ಬಂದ್ ಮಾಡಿದೆ. ಇದೊಂದು ಮೊದಲೇ ಬಂದ್ ಆಗಿದ್ದು, ಆನ್ ಮಾಡು ಅಂತ ಫೋನ್ ಕೇಳಿದಾಗ ಅಪ್ಪ ಬೇಡ ಅಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಇಟ್ಟೆ. ಕರೆಗಳು ಬೇರೆ ನಂಬರಿಗೆ ತಿರುಗುತ್ತಿವೆಯಾ ಅಂತ *#21# ಒತ್ತಿ ನೋಡಿದೆ, ಇಲ್ಲ. ಆಧಾರ್ ಬಯೋಮೆಟ್ರಿಕ್ ಕೂಡ ಲಾಕ್ ಮಾಡಿದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು ಖಾತೆಯಿಂದ ಹಣ ಎತ್ತಿದ ಪ್ರಕರಣಗಳು ಬಂದಿದ್ದವು. ಅದಕ್ಕೆ ಓಟಿಪಿಯೂ ಬೇಡ. ಅಪ್ಪನದು ಎರಡು ಕ್ರಯಪತ್ರ ಇವೆ. ಇನ್ನು ಕೊಬ್ಬರಿ ದುಡ್ಡು ಬರುವ ಖಾತೆಯೇ ಬೇರೆ, ಫೋನಿಗೆ ಜೋಡಿಸಿದ ಖಾತೆಯೇ ಬೇರೆ. ಎರಡನೆಯದರಲ್ಲಿ ಐದು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ಇದಕ್ಕೆ ಅಪ್ಪ ಸುಲಭವಾಗಿ ಒಪ್ಪಲಿಲ್ಲ, ಎರಡು ದಿನ ಹಿಡಿಯಿತು.

ಸಂಜೆ ಅಪ್ಪನನ್ನು ಕರೆದುಕೊಂಡು ಅಂಗಡಿ ಮಾವನ ಹತ್ತಿರ ಹೋದೆ. "ನಾನೇನೂ ಕಳಿಸಿಲ್ಲ ಮಾರಾಯ" ಅಂತ ಅವರು ರೇಗಿದರು. ಫೋನ್ ತೆರೆದು ನೋಡಿದರೆ ಅದೇ ಫೈಲ್ ಅವರ ಹೆಸರಿನಲ್ಲಿ ಅರ್ಧ ಊರಿಗೆ ಹೋಗಿತ್ತು, ಅವರಿಗೆ ಬಂದಿದ್ದು ಅಳಿಯನ ನಂಬರಿನಿಂದ. ಅಲ್ಲೇ ಗಲ್ಲಾ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಮತ್ತೆ ಸೇಫ್ ಮೋಡ್‌ನಿಂದ ಶುರು ಮಾಡಿದೆ. ಅಪ್ಪ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಿದ್ದರು: "ಅಂಗಡಿಯವರಿಂದ ಒಂದು ಫೈಲ್ ಬಂದಿದ್ಯಲ್ಲ, ಅದನ್ನ ಒತ್ತಬೇಡ್ರಪ್ಪ."