ಗೇಮಲ್ಲಿ ಡ್ರಿಫ್ಟ್: ಸ್ಟೀರಿಂಗ್ ಯಾವಾಗ ತಿರುಗಿಸ್ಬೇಕು, ಯಾವಾಗ ಬಿಡ್ಬೇಕು

ಮಳೆ ಜೋರಾಗಿ ಡಿಸಿ ರಜೆ ಕೊಟ್ರು ಅಂದ್ರೆ ಶಿರಸಿ ಕಡೆ, ಕಾರವಾರ ಕಡೆ ಎಷ್ಟೋ ಮನೇಲಿ ಹುಡುಗ್ರು ಕಂಟ್ರೋಲರ್ ಹಿಡ್ಕೊಂಡು ಕೂತ್ಬಿಡ್ತಾರೆ, ಒಬ್ರು ಫೋರ್ಜಾ ಹೊರೈಜನ್ 5, ಇನ್ನೊಬ್ರು ಅಸೆಟ್ಟೊ ಕೋರ್ಸಾ, ಕಂಪ್ಯೂಟರ್ ಇಲ್ದವ್ರು ಮೊಬೈಲಲ್ಲೇ ಕಾರ್‌ಎಕ್ಸ್. ಎಲ್ಲರಿಗೂ ಕಲೀಬೇಕಾಗಿರೋದು ಡ್ರಿಫ್ಟ್, ಅಂದ್ರೆ ತಿರುವಲ್ಲಿ ಹಿಂದಿನ ಚಕ್ರ ಬೇಕಂತಲೇ ಜಾರಿಸಿ ಕಾರನ್ನ ಓರೆಯಾಗಿ ಓಡಿಸೋದು, ಕೇಳೋ ಪ್ರಶ್ನೆ ಮಾತ್ರ ಒಂದೇ. ‘ಹಿಂದಿನ ಚಕ್ರ ಜಾರಿಸೋಕೆ ಬರ್ತದೆ ಮಾರಾಯ, ಆಮೇಲೆ ಕಾರು ಗಿರ್ರನೆ ಸುತ್ತಿ ಉಲ್ಟಾ ನಿಲ್ತದೆ, ಎಂತಕ್ಕೆ?’ ನಾನು ನೋಡಿದ್ರಲ್ಲಿ ಹೆಚ್ಚಿನವ್ರದ್ದು ತೊಂದ್ರೆ ಕೌಂಟರ್ ಸ್ಟೀರ್ (ಕಾರು ಜಾರಿದಾಗ ಸ್ಟೀರಿಂಗನ್ನ ತಿರುವಿನ ಉಲ್ಟಾ ಕಡೆ ತಿರುಗಿಸೋದು) ಕೊಡೋದ್ರಲ್ಲಿ ಅಲ್ಲ, ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದ್ರಲ್ಲಿ.

ಮೊದ್ಲು ಸೆಟ್ಟಿಂಗ್. ಟ್ರಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಆಫ್ ಮಾಡಿ, ಅವು ಇರೋದೇ ಕಾರು ಜಾರದ ಹಾಗೆ ನೋಡ್ಕೊಳ್ಳೋಕೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋದು) ಇದ್ರೆ ಇರ್ಲಿ. ಗೇರ್ ಮ್ಯಾನುವಲ್ ಮಾಡ್ಕೊಳ್ಳಿ, ಇಲ್ದಿದ್ರೆ ಜಾರ್ತಾ ಇರೋವಾಗ ನಡುವೆ ಗೇರ್ ತಾನಾಗೇ ಬದಲಾಗಿ ಎಲ್ಲ ಹಾಳಾಗ್ತದೆ. ಫೋರ್ಜಾದಲ್ಲಿ ಕಂಟ್ರೋಲರ್ ಇದ್ದವ್ರು ಸ್ಟೀರಿಂಗನ್ನ ಸ್ಟ್ಯಾಂಡರ್ಡಲ್ಲೇ ಇಡಿ, ಸಿಮ್ಯುಲೇಷನ್ ಅನ್ನೋ ಆಯ್ಕೆ ಗೇಮಿಂಗ್ ಸ್ಟೀರಿಂಗ್ ವ್ಹೀಲ್ ಇದ್ದವ್ರಿಗೆ ಚೆಂದ. ಕಾರು ಹಿಂದಿನ ಚಕ್ರಕ್ಕೆ ಪವರ್ ಹೋಗೋದೇ ಆಗ್ಬೇಕು: ನಿಸಾನ್ ಸಿಲ್ವಿಯಾ, ಮಾಜ್ದಾ ಆರ್‌ಎಕ್ಸ್-7, ಬಿಎಂಡಬ್ಲ್ಯೂ ಎಂ3, ಇಂಥವು. ಸಾವಿರ ಹಾರ್ಸ್‌ಪವರ್ ಕಾರು ತಗೊಂಡ್ರೆ ಕಲಿಯೋದು ಇನ್ನೂ ಕಷ್ಟ, ಮುನ್ನೂರರ ಆಸುಪಾಸು ಸಾಕು. ನಮ್ಮ ಮನೆಗಳಲ್ಲಿರೋ ಸಣ್ಣ ಕಾರು ಹೆಚ್ಚಿನವು ಮುಂದಿನ ಚಕ್ರದಿಂದ ಓಡೋವು, ಗೇಮಲ್ಲಿ ಕಲ್ತಿದ್ದು ಅವಕ್ಕೆ ಕೂರೋದೇ ಇಲ್ಲ, ಹಾಗಾಗಿ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಅಪ್ಪನ ಕಾರಲ್ಲಿ ಇದನ್ನ ದಯವಿಟ್ಟು ಟ್ರೈ ಮಾಡ್ಬೇಡಿ.

ಇನ್ನು ಜಾಗ. ಸೀದಾ ಹೇರ್‌ಪಿನ್ ತಿರುವಿಗೆ ಹೋಗ್ಬೇಡಿ, ದೊಡ್ಡ ಖಾಲಿ ಜಾಗ ಹುಡುಕಿ ಎರಡನೇ ಗೇರಲ್ಲಿ ಒಂದೇ ಕಡೆ ಸುತ್ತು ಹಾಕ್ತಾ ಇರಿ. ಹಿಂದೆ ಜಾರ್ತಾ ಇರೋವಾಗ ಗ್ಯಾಸ್ ಸ್ವಲ್ಪ ಜಾಸ್ತಿ ಮಾಡಿದ್ರೆ ಹಿಂಭಾಗ ಇನ್ನೂ ಹೊರಗೆ ಹೋಗ್ತದೆ, ಸ್ವಲ್ಪ ಕಮ್ಮಿ ಮಾಡಿದ್ರೆ ಒಳಗೆ ಬರ್ತದೆ. ಅಂದ್ರೆ ಆ್ಯಂಗಲ್ (ಕಾರು ಎಷ್ಟು ಓರೆಯಾಗಿದೆ ಅನ್ನೋದು) ಹಿಡಿಯೋದ್ರಲ್ಲಿ ಅರ್ಧ ಕೆಲ್ಸ ಗ್ಯಾಸಿಂದು, ಇದು ಕೈಗೆ ಹತ್ತದೆ ಮುಂದೆ ಹೋಗಿ ಪ್ರಯೋಜನ ಇಲ್ಲ.

ಈಗ ತಿರುವಿಗೆ ಬನ್ನಿ, ಬಲಕ್ಕೆ ತಿರುಗ್ತಾ ಇದ್ದೀರಿ ಅಂತ ಇಟ್ಕೊಳ್ಳೋಣ. ಸ್ಪೀಡ್ ಸ್ವಲ್ಪ ಇಳಿಸಿ ಬಲಕ್ಕೆ ಎಳೀರಿ, ಕಾರಿನ ಭಾರ ಎಡಗಡೆ ಚಕ್ರಗಳ ಮೇಲೆ ಬಿದ್ದ ಕ್ಷಣಕ್ಕೆ ಹ್ಯಾಂಡ್‌ಬ್ರೇಕ್ ಒಂದ್ಸಲ ಚಿಕ್ಕದಾಗಿ ಒತ್ತಿ ಬಿಡಿ. ಒತ್ತಿ ಹಿಡ್ಕೊಂಡ್ರೆ ಸ್ಪೀಡೆಲ್ಲ ಹೋಗಿ ಕಾರು ಅಡ್ಡಡ್ಡ ನಿಂತೇ ಹೋಗ್ತದೆ. ಕ್ಲಚ್ ಕಿಕ್ (ಗ್ಯಾಸ್ ಕೊಡ್ತಾ ಕ್ಲಚ್ ಒತ್ತಿ ಪಟ್ಟಂತ ಬಿಡೋದು), ಫೇಂಟ್ (ಮೊದ್ಲು ಉಲ್ಟಾ ಕಡೆ ಎಳೆದು ಆಮೇಲೆ ತಿರುವಿಗೆ ಬೀಸೋದು) ಅಂತ ಬೇರೆ ದಾರಿನೂ ಉಂಟು, ಅವು ಆಮೇಲೆ.

ಹಿಂದಿನ ಚಕ್ರ ಗ್ರಿಪ್ ಬಿಟ್ಟ ಕೂಡ್ಲೆ ಕಾರಿನ ಮೂತಿ ಬಲಕ್ಕೆ ನೋಡ್ತದೆ, ಆದ್ರೆ ಕಾರು ಹೋಗ್ತಾ ಇರೋದು ಇನ್ನೂ ಮೊದಲಿನ ದಿಕ್ಕಿಗೇ. ಸ್ಟೀರಿಂಗ್ ಕೆಲ್ಸ ಇಷ್ಟೇ, ಮೂತಿ ಎಲ್ಲಿಗಾದ್ರೂ ನೋಡ್ಲಿ, ಮುಂದಿನ ಚಕ್ರ ಮಾತ್ರ ಕಾರು ಹೋಗ್ತಿರೋ ದಿಕ್ಕಿಗೇ ನೋಡ್ಬೇಕು, ಅಂದ್ರೆ ಎಡಕ್ಕೆ ತಿರುಗ್ಬೇಕು. ಇದನ್ನ ಹಿಂಭಾಗ ಪೂರ್ತಿ ಹೊರಗೆ ಹೋದ್ಮೇಲೆ ಕೊಟ್ರೆ ಆಗೋದಿಲ್ಲ, ಹೊರಗೆ ಹೊರಟಾಗ್ಲೇ ಕೊಡ್ಬೇಕು. ಕಂಟ್ರೋಲರಲ್ಲಿ ಸ್ಟಿಕ್ಕನ್ನ ಪಟ್ಟಂತ ಎಡ ಮೂಲೆಗೆ ತಳ್ಳದೆ ನಡುವಿಗೆ ಬಿಟ್ಟು ಅಲ್ಲಿಂದ ಬೇಕಾದಷ್ಟೇ ಒತ್ತಿ. ಫೋರ್ಸ್ ಫೀಡ್‌ಬ್ಯಾಕ್ ವ್ಹೀಲ್ (ಚಕ್ರಕ್ಕೆ ಬೀಳೋ ಒತ್ತಡವನ್ನ ಮೋಟಾರಿಂದ ಕೈಗೆ ತಿಳಿಸೋದು) ಇದ್ದವ್ರು ಸ್ಟೀರಿಂಗ್ ಹಿಡಿತ ಸಡಿಲ ಮಾಡಿ ಸಾಕು, ಮುಂದಿನ ಚಕ್ರದ ಕ್ಯಾಸ್ಟರಿಂದಾಗಿ (ಚಕ್ರ ತಿರುಗೋ ಅಚ್ಚು ಹಿಂದಕ್ಕೆ ವಾಲಿರೋದು) ಅದು ತಾನೇ ಎಡಕ್ಕೆ ಓಡ್ತದೆ, ಅಂಗೈಲಿ ಜಾರೋಕೆ ಬಿಟ್ಟು ಬೇಕಾದ ಜಾಗ ಬಂದಾಗ ಹಿಡ್ಕೊಳ್ಳಿ. ಲಾಜಿಟೆಕ್ ಜಿ29 ಥರದ್ದು ಈ ತುದಿಯಿಂದ ಆ ತುದಿಗೆ 900 ಡಿಗ್ರಿ ತಿರುಗ್ತದೆ, ಅಂದ್ರೆ ಎರಡೂವರೆ ಸುತ್ತು, ಅಷ್ಟನ್ನ ಕೈ ಮೇಲೆ ಕೈ ಹಾಕಿ ತಿರುಗಿಸ್ತಾ ಕೂತ್ರೆ ಯಾವತ್ತೂ ತಡವೇ.

ಇನ್ನು ವಾಪಸ್ ತಗೊಳ್ಳೋದು, ಎಲ್ಲರೂ ಎಡವೋದು ಇಲ್ಲೇ. ಕಾಳಿ ಅಳಿವೇಲಿ ದೋಣಿ ನಡೆಸೋರನ್ನ ನೋಡಿ, ದೋಣಿ ತಿರುಗಿ ಮುಗಿಯೋ ಮುಂಚೆನೇ ಚುಕ್ಕಾಣಿ ವಾಪಸ್ ತಂದಿರ್ತಾರೆ, ಯಾಕಂದ್ರೆ ಚುಕ್ಕಾಣಿ ನೇರ ಆದ ಕೂಡ್ಲೆ ದೋಣಿ ತಿರುಗೋದು ನಿಲ್ಲೋದಿಲ್ಲ. ಕಾರೂ ಹಂಗೇ. ಹಿಂಭಾಗ ಹೊರಗೆ ಹೋಗೋದು ನಿಂತು ಒಳಗೆ ಬರೋಕೆ ಶುರು ಮಾಡ್ತು ಅನ್ನಿಸಿದ ಕ್ಷಣಕ್ಕೇ ಕೌಂಟರ್ ಸ್ಟೀರ್ ಬಿಡ್ತಾ ಬರ್ಬೇಕು, ಕಾರು ನೇರ ಆಗೋ ಹೊತ್ತಿಗೆ ಚಕ್ರವೂ ನೇರ ಇರ್ಬೇಕು. ಕಾರು ನೇರ ಆಗಿ ಚಕ್ರ ಇನ್ನೂ ಎಡಕ್ಕೇ ಇದ್ರೆ, ಅದ್ರ ಮೇಲೆ ಹೆದ್ರಿ ಗ್ಯಾಸ್ ಪೂರ್ತಿ ಬಿಟ್ರೆ, ಹಿಂದಿನ ಟೈರಿಗೆ ಒಮ್ಮೆಲೇ ಗ್ರಿಪ್ ಸಿಕ್ಕಿ ಕಾರು ಎಡಕ್ಕೆ ಎಗರಿ ಗೋಡೆಗೆ ಹೊಡೀತದೆ. ಆವಾಗ ಗೇಮ್ ಸರಿ ಇಲ್ಲ ಅನ್ನೋರು ಸುಮಾರು ಜನ, ಪಾಪ ಗೇಮ್ ಸರಿಯಾಗೇ ಲೆಕ್ಕ ಹಾಕಿರ್ತದೆ.

ಇದು ಬಂತು ಅಂದ್ರೆ ಎಡಬಲ ತಿರುವು ಜೋಡ್ಸೋದು ಅದೇ ಕೆಲ್ಸದ ಮುಂದುವರಿಕೆ. ಮೊದಲ್ನೇ ತಿರುವಿನ ಕೊನೆಗೆ ಗ್ಯಾಸ್ ಒಂದು ಚೂರು ಬಿಡಿ, ಸ್ಟೀರಿಂಗ್ ನಡುವಿಗೆ ಬರ್ಲಿ, ಅಲ್ಲಿ ನಿಲ್ಲಿಸ್ಬೇಡಿ, ಕಾರು ಇನ್ನೊಂದು ಕಡೆ ಬೀಸ್ತಾ ಇದ್ದ ಹಾಗೇ ಚಕ್ರನೂ ನಡು ದಾಟಿ ಆಚೆ ಹೋಗ್ಲಿ, ಅಲ್ಲಿ ಹಿಡಿದು ಗ್ಯಾಸ್ ಕೊಡಿ. ಇಲ್ಲಿ ಹ್ಯಾಂಡ್‌ಬ್ರೇಕ್ ಬೇಡ, ಬೀಸೋ ಭಾರವೇ ಸಾಕು. 2004ರಿಂದ ಅಮೆರಿಕದಲ್ಲಿ ನಡೀತಿರೋ ಫಾರ್ಮುಲಾ ಡ್ರಿಫ್ಟ್ ಸ್ಪರ್ಧೇಲಿ ಲೈನ್ (ಕಾರು ಹಿಡಿಯೋ ದಾರಿ), ಆ್ಯಂಗಲ್, ಸ್ಟೈಲ್ ನೋಡಿ ಮಾರ್ಕ್ ಕೊಡ್ತಾರೆ, ಅಲ್ಲಿಯ ಡ್ರೈವರ್‌ಗಳ ಕೈ ತೋರಿಸೋ ವಿಡಿಯೋ ನೋಡಿ, ಈ ಬೀಸಿನ ಹೊತ್ತಲ್ಲಿ ಸ್ಟೀರಿಂಗ್ ಬಿಟ್ಟೇ ಬಿಟ್ಟಿರ್ತಾರೆ.

ಮೊಬೈಲಲ್ಲಿ ಆಡೋರು ಫೋನ್ ವಾಲಿಸೋ ಸ್ಟೀರಿಂಗ್ ಬಿಟ್ಟು ಸ್ಕ್ರೀನ್ ಮೇಲಿನ ಸ್ಟೀರಿಂಗ್ ತಗೊಳ್ಳಿ. ಕೀಬೋರ್ಡಲ್ಲಿ ಕೀ ಒತ್ತಿ ಹಿಡೀಬೇಡಿ, ಟಕ್ ಟಕ್ ಅಂತ ತಟ್ತಾ ಇರಿ. ಟಿವಿಗೆ ಹಾಕಿ ಆಡೋರು ಗೇಮ್ ಮೋಡ್ ಆನ್ ಮಾಡದೆ ಇದ್ರೆ ಚಿತ್ರ ತಡವಾಗಿ ಬರ್ತದೆ, ಟೈಮಿಂಗ್ ಎಷ್ಟು ಕಲಿತ್ರೂ ವ್ಯರ್ಥ.

ಅಸೆಟ್ಟೊ ಕೋರ್ಸಾದಲ್ಲಿ ಆಡೋರು ಪ್ರತಿ ಸಲ ಸುತ್ತಿ ನಿಂತಾಗ್ಲೂ ರೀಪ್ಲೇ ಸ್ಲೋ ಮೋಷನ್ನಲ್ಲಿ ಹಾಕಿ ಹೊರಗಡೆ ಕ್ಯಾಮೆರಾದಿಂದ ಮುಂದಿನ ಚಕ್ರ ಒಂದನ್ನೇ ನೋಡಿ. ಮೂತಿ ಪೂರ್ತಿ ಒಳಗೆ ತಿರುಗಿದ ಮೇಲೆ ಚಕ್ರ ಆಚೆ ಹೊರಟಿದ್ರೆ ಮುಂದಿನ ಸಲ ಕೌಂಟರ್ ಬೇಗ ಕೊಡಿ, ಕಾರು ನೇರ ಆದ್ಮೇಲೂ ಚಕ್ರ ಓರೆಯಾಗೇ ಇದ್ರೆ ಬೇಗ ಬಿಡಿ.