ತೊಗರಿ ಕುಡಿ ಚಿವುಟೋದು ನಮ್ಮೂರಿಗೆ ಬಂದದ್ದು ಹೀಗೆ

ತೊಗರಿ ಕುಡಿ ಚಿವುಟಿದರೆ ಇಳುವರಿ ಹೆಚ್ಚುತ್ತದೆ ಅಂತ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರು ಹೇಳುತ್ತಲೇ ಇದ್ದರು. ತರಬೇತಿಗೆ ಹೋದವರೆಲ್ಲ ತಲೆಯಾಡಿಸಿ ಬಂದೆವು; ಹೊಲದಲ್ಲಿ ಯಾರೂ ಚಿವುಟಲಿಲ್ಲ. ಏಳುತ್ತಿರುವ ಗಿಡದ ತಲೆಯನ್ನೇ ಮುರಿ ಅಂದರೆ ಯಾವ ರೈತನಿಗೆ ಕೈ ಬಂದೀತು?

ಬಿತ್ತಿ 45–50 ದಿನಕ್ಕೆ ತುದಿಯ 2–3 ಇಂಚು ತೆಗೆದರೆ ಗಿಡ ಮೇಲಕ್ಕೇರುವುದು ಬಿಟ್ಟು ಪಕ್ಕಕ್ಕೆ ಟೊಂಗೆ ಒಡೆಯುತ್ತದೆ. ಟೊಂಗೆ ಹೆಚ್ಚಿದರೆ ಹೂ, ಕಾಯಿ ಹೆಚ್ಚು. ನೆಲದಲ್ಲಿ ಹಸಿ ಇರಬೇಕು, ಮೊಗ್ಗು ಬಂದ ಮೇಲೆ ಮುಟ್ಟಬಾರದು. ವಿದ್ಯೆ ಇಷ್ಟೇ.

ನಾನು ದಾರಿ ಬದಿಯ ಎರೆ ಹೊಲ ಆರಿಸಿಕೊಂಡೆ. ಅರ್ಧ ಚಿವುಟಿ, ಉಳಿದರ್ಧ ಹಾಗೇ ಬಿಟ್ಟೆ. ಬೀಜ, ಗೊಬ್ಬರ ಎರಡಕ್ಕೂ ಒಂದೇ. ದೊಡ್ಡ ರೈತರ ನೀರಾವರಿ ಹೊಲದಲ್ಲಿ ಏನು ತೋರಿಸಿದರೂ ಜನ ‘ಅವ್ರಿಗೇನ್ರಿ, ನೀರದ, ರೊಕ್ಕದ’ ಅಂತ ಎದ್ದು ಹೋಗುತ್ತಾರೆ. ನನ್ನದು ಮಳೆ ನಂಬಿದ ಹೊಲ, ಆ ಮಾತಿಗೆ ಜಾಗವಿರಲಿಲ್ಲ.

ಬದುವಿನ ಮೇಲೆ ನಿಂತು ನೋಡಿದ ಪಕ್ಕದ ಹೊಲದ ಕಾಕಾ, “ಯಾಕಪಾ, ತೊಗರಿಗೆ ಕಟಿಂಗ್ ಮಾಡ್ಲತ್ತಿ?” ಅಂತ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಅವರೇ, “ನಮ್ಮಪ್ಪನ ಕಾಲಕ್ಕ ಆಡು ಹೊಕ್ಕು ತಿಂದ ಗಿಡಾನೇ ಭಾಳ ಟೊಂಗಿ ಒಡೀತಿತ್ತು ನೋಡು” ಅಂದರು. ಊರಲ್ಲಿ ಓಡಿದ್ದು ಈ ಆಡಿನ ಮಾತೇ. ಮುಂದೆ ಯಾರಿಗೆ ಹೇಳುವಾಗಲೂ ನಾನು ಅಲ್ಲಿಂದಲೇ ಶುರು ಮಾಡಿದೆ.

ಕಾಯಿ ಕಟ್ಟಿದಾಗ ಕೆಲವರನ್ನು ಕರೆದು, ಎರಡೂ ಕಡೆಯ ಗಿಡ ನೀವೇ ಆರಿಸಿ ಟೊಂಗೆ ಎಣಿಸಿರಿ ಅಂದೆ. ನಾನು ಆರಿಸಿದ್ದರೆ ಚಲೋ ಗಿಡ ಹುಡುಕಿ ತೋರಿಸಿದ ಅನ್ನುತ್ತಿದ್ದರು. ಎಣಿಸಿದರು, ಒಪ್ಪಿದರು, ಒಪ್ಪಿದ ಮೇಲೆ ಕೇಳಿದ್ದು ಕೂಲಿಯ ಲೆಕ್ಕ. ಕುಡಿ ಚಿವುಟುವ ಹೊತ್ತೇ ಎಲ್ಲರ ಹೊಲದಲ್ಲೂ ಕಳೆ ತೆಗೆಯುವ ಹೊತ್ತು, ಆಳು ಎಲ್ಲಿಂದ ತರೋದು?

ತರಬೇತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಕೂಲಿಗೆ ಬರುವ ಹೆಣ್ಣುಮಕ್ಕಳಿಂದ. ಕಳೆ ತೆಗೆಯುತ್ತ ಹೋದಂತೆ ಅದೇ ಸಾಲಿನ ಕುಡಿ ಚಿವುಟಿ ಉಡಿಗೆ ಹಾಕಿಕೊಂಡು, ಸಂಜೆ ಮನೆಯ ಆಡಿಗೆ ಒಯ್ದರು. ಮರುವರ್ಷ ಬೇರೆಯವರ ಹೊಲಕ್ಕೆ ಹೋದಾಗ, “ಅಣ್ಣಾ, ನಿಮ್ಮ ತೊಗರಿ ಕುಡಿ ಚೂಟೂದಿಲ್ಲೇನ್ರಿ?” ಅಂತ ಅವರೇ ಕೇಳತೊಡಗಿದರು. ನನ್ನ ಮಾತಿಗಿಂತ ಅವರ ಮಾತು ಹೆಚ್ಚು ಹೊಲ ಮುಟ್ಟಿತು. ರೈತರ ಸಭೆಗೆ ಮಾತ್ರ ಇವರನ್ನು ಯಾರೂ ಕರೆಯುವುದಿಲ್ಲ, ಅದು ನನ್ನ ತಕರಾರು.

ಈಗ ಬ್ಯಾಟರಿ ಮೇಲೆ ನಡೆಯುವ ಚಿವುಟುವ ಯಂತ್ರ ಬಂದಿದೆ. ನಾವು ಕೆಲವು ಮನೆಯವರು ಸೇರಿ ಒಂದು ತಂದೆವು. ಮೊದಲು ಬಿತ್ತಿದವರಿಗೆ ಮೊದಲ ಪಾಳಿ; ಇಲ್ಲವಾದರೆ ಕೊನೆಯವನ ಕೈಗೆ ಬರುವಷ್ಟರಲ್ಲಿ ಗಿಡ ಮೊಗ್ಗಿಗೆ ಬಂದಿರುತ್ತದೆ. ಒಂದಿಬ್ಬರು ಇನ್ನೂ ಚಿವುಟುವುದಿಲ್ಲ. ಅವರದು ತೆಳು ಮಣ್ಣು, ಹಸಿ ನಿಲ್ಲುವುದಿಲ್ಲ. ನಾನೂ ಒತ್ತಾಯ ಮಾಡಲು ಹೋಗಿಲ್ಲ.