ಸಾಕಿದ ಹಾವಿನ ಉಸಿರಾಟ ಕೆಟ್ಟಿದೆಯೇ? ಗುರುತಿಸುವುದು ಹೇಗೆ, ಮಾಡುವುದೇನು

ಹಾವಿಗೆ ನಮ್ಮ ಹಾಗೆ ಕೆಮ್ಮಲು ಬರುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ನಮಗಿರುವ ವಪೆ ಅದಕ್ಕಿಲ್ಲ. ಪಕ್ಕೆಲುಬುಗಳ ಸ್ನಾಯುಗಳನ್ನು ಹಿಗ್ಗಿಸಿ ಕುಗ್ಗಿಸಿಯೇ ಉಸಿರಾಡಬೇಕು. ಶ್ವಾಸಕೋಶದಲ್ಲಿ ಕಫ ಕಟ್ಟಿದರೆ ಅದನ್ನು ಹೊರಗೆ ತಳ್ಳುವುದು ಬಹಳ ಕಷ್ಟ. ಸಾಲದ್ದಕ್ಕೆ ಹಾವಿನ ಕೀವು ತೆಳ್ಳಗೆ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಡ್ಡೆ ಕಟ್ಟುತ್ತದೆ. ನಿಮ್ಮ ಕಿವಿಗೆ ಗೊರಗೊರ ಸದ್ದು ಬೀಳುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುವ ಸಾಧ್ಯತೆಯೇ ಜಾಸ್ತಿ.

ಈ ಲೇಖನ ಬೆಂಗಳೂರಿನಂಥ ಊರುಗಳ ಮನೆಗಳಲ್ಲಿ ಈಗ ಕಾಣಸಿಗುವ ವಿದೇಶಿ ಹಾವುಗಳಾದ ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ಗಳನ್ನು ಸಾಕುವವರಿಗಾಗಿ. ನಾಗರಹಾವು, ಕೇರೆಹಾವು, ನಮ್ಮ ಕಾಡಿನ ಹೆಬ್ಬಾವು ಇವನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಅಂಥ ಹಾವು ಸೊರಗಿ ಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಸಾಕುವವರು ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು. ಕಾಗದ ಸರಿ ಇಲ್ಲದವರು ಡಾಕ್ಟರ ಬಳಿ ಹೋಗಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಬೆಲೆ ತೆರುವುದು ಹಾವು.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ನೋಡಿ

ಸದ್ದು ಕೇಳಿದ ತಕ್ಷಣ ಗಾಬರಿ ಬೇಡ. ಪೊರೆ ಬಿಡುವ ದಿನಗಳಲ್ಲಿ ಮೂಗಿನ ಹೊಳ್ಳೆಯಲ್ಲಿ ಒಣ ಚರ್ಮ ಸಿಕ್ಕಿಕೊಂಡು ಸಣ್ಣ ಸಿಳ್ಳೆಯಂಥ ಸದ್ದು ಬರುವುದು ಸಾಮಾನ್ಯ. ಕಣ್ಣು ಮಂಜಾಗಿ, ಮೈ ಬಣ್ಣ ಮಂಕಾಗಿದ್ದರೆ ಪೊರೆ ಹತ್ತಿರ ಬಂದಿದೆ ಎಂದೇ ಅರ್ಥ. ಪೊರೆ ಪೂರ್ತಿ ಬಿಟ್ಟ ಮೇಲೆ ಸದ್ದು ನಿಂತರೆ ಚಿಂತೆಯಿಲ್ಲ. ನೀರು ಕುಡಿದ ಕೂಡಲೇ ಮೂಗಿನಲ್ಲಿ ಒಂದೆರಡು ಗುಳ್ಳೆ ಬರಬಹುದು. ಸಿಟ್ಟಿನಲ್ಲಿ ಬುಸುಗುಟ್ಟುವುದಂತೂ ನಿಮಗೆ ಗೊತ್ತೇ ಇದೆ.

ಹಾವು ಸುಮ್ನೆ ಮಲಗಿದ್ದಾಗಲೂ ಪ್ರತಿ ಉಸಿರಿಗೂ ಟಿಕ್ ಟಿಕ್ ಅಥವಾ ಗೊರಗೊರ ಸದ್ದು ಬರುತ್ತಿದ್ದರೆ ಮಾತ್ರ ಅದು ಬೇರೆ ವಿಷಯ. ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಕ್ಲಿನಿಕ್‌ಗೆ ಹೋದಾಗ ಹಾವು ಬೇಕೆಂದೇ ಎಂಬಂತೆ ಸದ್ದಿಲ್ಲದೆ ಕೂರುವುದುಂಟು!

ಆಮೇಲೆ ಬಾಯಿ, ತಲೆ, ಗಾಜು

ಬಾಯಿಯ ಅಂಚಿನಲ್ಲಿ ಲೋಳೆ ಎಳೆ ಎಳೆಯಾಗಿ ಅಂಟಿದೆಯೇ? ಮೂಗಿನಲ್ಲಿ ಗುಳ್ಳೆ ಮತ್ತೆ ಮತ್ತೆ ಬರುತ್ತಿದೆಯೇ? ತೊಟ್ಟಿಯ ಗಾಜಿನ ಮೇಲೂ ಕಣ್ಣಾಡಿಸಿ. ಹಾವು ಮೂತಿ ಉಜ್ಜಿದ ಕಡೆ ಒಣಗಿದ ಲೋಳೆಯ ಕಲೆ ಕಾಣಬಹುದು. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ.

ಊಟ ಆದ ಮೇಲೆ ಹಾವು ದವಡೆ ಸರಿಮಾಡಿಕೊಳ್ಳಲು ಬಾಯಿ ಅಗಲಿಸಿ ಆಕಳಿಸುತ್ತದೆ. ಅದು ಸಹಜ. ಹೊಟ್ಟೆ ಖಾಲಿ ಇದ್ದಾಗಲೂ ಬಾಯಿ ತೆರೆದುಕೊಂಡೇ ಉಸಿರಾಡುತ್ತಿದ್ದರೆ, ಗಂಟಲು ಉಬ್ಬಿದ್ದರೆ, ತಲೆಯನ್ನು ಮೇಲಕ್ಕೆತ್ತಿ ಗೋಡೆಗೆ ಒರಗಿಸಿಕೊಂಡು ಗಂಟೆಗಟ್ಟಲೆ ಇದ್ದರೆ ಅಪಾಯ. ಕಫದ ನಡುವೆ ಗಾಳಿಗೆ ದಾರಿ ಮಾಡಿಕೊಳ್ಳಲು ಅದು ಹಾಗೆ ಕೂರುತ್ತದೆ. ಈ ಹಂತದಲ್ಲಿ ನಾಳೆ ನೋಡೋಣ ಎನ್ನಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.

ಒಸಡು ಕೆಂಪಾಗಿ, ಹಳದಿ ಗಡ್ಡೆ ಕಂಡರೆ ಅದು ಬಾಯಿ ಹುಣ್ಣು. ಅಲ್ಲಿಂದ ಸೋಂಕು ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನೆಲ್ಲ ನೋಡಲು ಬಲವಂತವಾಗಿ ಬಾಯಿ ತೆರೆಯಲು ಹೋಗಬೇಡಿ. ಮೊದಲೇ ಉಸಿರಿಗೆ ಒದ್ದಾಡುವ ಜೀವ ಅದು.

ಥರ್ಮಾಮೀಟರ್ ಏನು ಹೇಳುತ್ತದೆ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಸಾಕಿದ ಹಾವುಗಳ ಉಸಿರಾಟದ ತೊಂದರೆಯ ಹಿಂದೆ ಬಹಳ ಸಲ ಇರುವುದು ಚಳಿ. ಹಾವಿನ ಮೈಬಿಸಿ ಸುತ್ತಲಿನ ಬಿಸಿಯನ್ನು ನೆಚ್ಚಿಕೊಂಡಿದೆ. ಮೈ ತಣ್ಣಗಾದರೆ ರೋಗ ತಡೆಯುವ ಶಕ್ತಿಯೂ ಮಂಕಾಗುತ್ತದೆ. ಮಾಮೂಲಿ ದಿನಗಳಲ್ಲಿ ಏನೂ ಮಾಡದ ಸ್ಯೂಡೊಮೊನಾಸ್, ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಆಗ ತಲೆ ಎತ್ತುತ್ತವೆ.

ಬಾಲ್ ಪೈಥಾನ್‌ಗೆ ತೊಟ್ಟಿಯ ಬಿಸಿ ತುದಿ 31ರಿಂದ 33 ಡಿಗ್ರಿ, ತಂಪು ತುದಿ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 29ರಿಂದ 31 ಸಾಕು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೊರಗೆ 15 ಡಿಗ್ರಿಗೆ ಇಳಿಯುತ್ತದೆ. ತೊಟ್ಟಿಗೆ ಬಿಸಿ ಕೊಡುವ ಹೀಟ್ ಮ್ಯಾಟ್ ಕೆಟ್ಟಿದ್ದರೆ, ರಾತ್ರಿಯಿಡೀ ಕರೆಂಟ್ ಹೋದರೆ, ತೊಟ್ಟಿಯೊಳಗೂ ಹೆಚ್ಚುಕಡಿಮೆ ಮನೆಯೊಳಗಿನ ಚಳಿಯೇ. ಗಾಜಿಗೆ ಅಂಟಿಸುವ ಗುಂಡನೆಯ ಥರ್ಮಾಮೀಟರನ್ನು ನಂಬಬೇಡಿ. ಅದು ಗೋಡೆಯ ಹತ್ತಿರದ ಗಾಳಿಯನ್ನಷ್ಟೇ ಅಳೆಯುತ್ತದೆ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಹಾವು ಮಲಗುವ ಜಾಗದಲ್ಲೇ ಅದರ ತುದಿ ಇಡಿ. ಹೀಟ್ ಮ್ಯಾಟ್‌ಗೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ. ಇಲ್ಲದಿದ್ದರೆ ಹೊಟ್ಟೆ ಸುಡುತ್ತದೆ.

ಇನ್ನು ತೇವ. ಉಸಿರಾಟ ಕೆಟ್ಟಿತು ಅಂದ ಕೂಡಲೇ ತೇವಾಂಶವನ್ನೇ ದೂರಿ ತೊಟ್ಟಿಯನ್ನು ಒಣ ಮರುಭೂಮಿ ಮಾಡುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಒಣ ಗಾಳಿಯಲ್ಲಿ ಕಫ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಲ್ ಪೈಥಾನ್‌ಗೆ 55ರಿಂದ 70 ಶೇಕಡಾ ತೇವಾಂಶ ಬೇಕೇ ಬೇಕು. ಹಾಳು ಮಾಡುವುದು ಚಳಿ, ಒದ್ದೆ ಹಾಸು, ಗಾಳಿಯಾಡದ ಪೆಟ್ಟಿಗೆ ಮೂರೂ ಸೇರಿದಾಗ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ನೀರು ಚಿಮುಕಿಸುವ ಅಗತ್ಯವೇ ಬೀಳದಿರಬಹುದು. ಅಲ್ಲಿ ಗಾಳಿಕಿಂಡಿಗಳ ಕಡೆ ಗಮನ ಕೊಡಿ.

ಡಾಕ್ಟರು ಸಿಗುವವರೆಗೆ

ಹಾವನ್ನು ಬೇರೆ ಹಾವುಗಳಿಂದ ದೂರ, ಇನ್ನೊಂದು ಕೋಣೆಯಲ್ಲಿಡಿ. ಹಳೆಯ ಹಾಸು ತೆಗೆದು ನ್ಯೂಸ್‌ಪೇಪರ್ ಅಥವಾ ಟಿಶ್ಯೂ ಹಾಸಿ, ಲೋಳೆ ಬಿದ್ದರೆ ತಕ್ಷಣ ಕಾಣುತ್ತದೆ. ಬಿಸಿ ತುದಿಯನ್ನು ಆ ಜಾತಿಗೆ ಹೇಳಿದ ಗರಿಷ್ಠ ಡಿಗ್ರಿಯಲ್ಲಿ ಹಗಲೂ ರಾತ್ರಿ ಒಂದೇ ಸಮ ಇಡಿ. ತಂಪು ತುದಿಯೂ ಇರಲಿ, ಎಲ್ಲಿ ಮಲಗಬೇಕು ಎಂಬುದನ್ನು ಅದೇ ಆರಿಸಿಕೊಳ್ಳಲಿ. ಇಲಿ ಕೊಡಬೇಡಿ. ಶುದ್ಧ ನೀರು ಸಾಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಆ ತಕ್ಕಡಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಣ್ಣಿನ ಸುತ್ತ, ಗಲ್ಲದ ಕೆಳಗೆ ಸಾಸಿವೆಗಿಂತ ಚಿಕ್ಕ ಕರಿ ಹುಳಗಳು ಓಡಾಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅವು ರಕ್ತ ಹೀರುವ ಮೈಟ್‌ಗಳು.

ನೀಲಗಿರಿ ಎಣ್ಣೆ, ಕರ್ಪೂರ, ನಮ್ಮ ಮೂಗಿಗೆ ಹಚ್ಚುವ ಬಾಮು ಯಾವುದೂ ಬೇಡ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಕೊಡುವುದಂತೂ ಬೇಡವೇ ಬೇಡ. ಸಿರಿಂಜ್‌ನಲ್ಲಿ ಬಾಯಿಗೆ ನೀರು ಹಾಕುವುದೂ ತಪ್ಪು. ಹಾವಿನ ಉಸಿರುನಾಳದ ಬಾಗಿಲು ಬಾಯಿಯ ತಳದಲ್ಲಿ, ತೀರಾ ಮುಂದಕ್ಕೇ ಇದೆ. ಹಾಕಿದ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ನಾಗರಪಂಚಮಿಯಲ್ಲಿ ಹಾವಾಡಿಗರು ಬಾಯಾರಿದ ನಾಗರಹಾವಿನ ಬಾಯಿಗೆ ಹಾಲು ಸುರಿದಾಗ ಆಗುವುದೂ ಇದೇ. ಹಾಲು ಹಾವಿನ ಆಹಾರ ಅಲ್ವೇ ಅಲ್ಲ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುತ್ತದೆ.

ಕರೆದೊಯ್ಯುವುದು ಮತ್ತು ಚಿಕಿತ್ಸೆ

ನಾಯಿ ಬೆಕ್ಕು ಮಾತ್ರ ನೋಡುವ ಡಾಕ್ಟರಿಗಿಂತ ಸರೀಸೃಪ ನೋಡಿ ಅಭ್ಯಾಸ ಇರುವವರನ್ನು ಹುಡುಕಿ. ಮೊದಲೇ ಫೋನ್ ಮಾಡಿ ಕೇಳಿ. ಹಾವನ್ನು ದಿಂಬಿನ ಕವರ್‌ನಲ್ಲಿ ಹಾಕಿ ಗಂಟು ಕಟ್ಟಿ, ತೂತುಗಳಿರುವ ಡಬ್ಬಿಯಲ್ಲಿಡಿ. ಚಳಿ ಇದ್ದರೆ ಬಿಸಿನೀರಿನ ಬಾಟಲಿಯನ್ನು ಟವಲ್ಲಿನಲ್ಲಿ ಸುತ್ತಿ ಡಬ್ಬಿಯ ಒಂದು ಬದಿಗಿಡಿ. ಜೊತೆಗೆ ವಿಡಿಯೊ, ತೂಕ, ತೊಟ್ಟಿಯ ಬಿಸಿ ಮತ್ತು ತೇವದ ಲೆಕ್ಕ, ಕೊನೆಯ ಊಟ ಮತ್ತು ಕೊನೆಯ ಪೊರೆಯ ದಿನಾಂಕ ಇರಲಿ.

ಡಾಕ್ಟರು ಎಕ್ಸ್‌ರೇ ತೆಗೆಸಬಹುದು. ಉಸಿರುನಾಳ ತೊಳೆದು ತೆಗೆದ ಮಾದರಿಯನ್ನು ಲ್ಯಾಬ್‌ಗೆ ಕಳಿಸಬಹುದು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ದುಡ್ಡು ಉಳಿಸಲು ಈ ಪರೀಕ್ಷೆ ಬಿಡಬೇಡಿ ಎಂಬುದು ನನ್ನ ಸಲಹೆ. ಔಷಧ ಸಾಮಾನ್ಯವಾಗಿ ಇಂಜೆಕ್ಷನ್, ಅದೂ ಮೈಯ ಮುಂಭಾಗದಲ್ಲಿ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಮೂಲಕ ಹಾದುಹೋಗಬಹುದು ಎಂಬುದು ಇದಕ್ಕೆ ಕಾರಣ. ಸೆಫ್ಟಾಜಿಡೈಮ್‌ನಂಥ ಔಷಧವನ್ನು ಮೂರು ದಿನಕ್ಕೊಮ್ಮೆ ಕೊಡುವುದು ರೂಢಿ. ಪ್ರಮಾಣ ತೂಕದ ಮೇಲೆ ಡಾಕ್ಟರೇ ನಿಗದಿ ಮಾಡಬೇಕು. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಸದ್ದು ನಿಂತಿತೆಂದು ಮಧ್ಯದಲ್ಲಿ ಬಿಟ್ಟರೆ ಕಾಯಿಲೆ ಮರಳುತ್ತದೆ, ಮತ್ತೆ ಅದೇ ಔಷಧ ನಾಟದೆಯೂ ಇರಬಹುದು.

ಔಷಧಕ್ಕೆ ಬಗ್ಗದಿದ್ದರೆ ವೈರಸ್ ಇದೆಯೇ ಎಂದು ಕೇಳಿ. ಬಾಲ್ ಪೈಥಾನ್‌ಗಳ ಶ್ವಾಸಕೋಶಕ್ಕೆ ಬೀಳುವ ನಿಡೊವೈರಸ್ ಬಗ್ಗೆ ವಿಜ್ಞಾನಿಗಳು 2014ರಲ್ಲಿ ಮೊದಲ ಬಾರಿ ವರದಿ ಮಾಡಿದರು. ಬಾಯಿಯಿಂದ ಹತ್ತಿಯಲ್ಲಿ ಮಾದರಿ ತೆಗೆದು ಪಿಸಿಆರ್ ಪರೀಕ್ಷೆ ಮಾಡಬಹುದು. ಇದನ್ನು ಗುಣಪಡಿಸುವ ಔಷಧ ಇಲ್ಲ. ಆ್ಯಂಟಿಬಯಾಟಿಕ್ ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾವನ್ನಷ್ಟೇ ತಡೆಯುತ್ತದೆ. ನೋಡಲು ಆರೋಗ್ಯವಾಗಿರುವ ಹಾವೂ ಇದನ್ನು ಹೊತ್ತಿರಬಹುದು. ಹೊಸ ಹಾವು ತಂದರೆ ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿಟ್ಟು ನೋಡಿ. ಅದಕ್ಕೆ ಬೇರೆಯೇ ನೀರಿನ ಬಟ್ಟಲು, ಬೇರೆಯೇ ಚಿಮಟ ಇರಲಿ, ದಿನದ ಕೆಲಸದಲ್ಲಿ ಅದರ ಸರದಿ ಕೊನೆಯದಾಗಿರಲಿ.